ಕೈಮೇಲೆ ಎದ್ದದ್ದು ಗಂಧೆಯೋ ಗಜಕರ್ಣವೋ

ಕೈಮೇಲೆ ಏನೋ ದಪ್ಪಗೆ ಎದ್ದ ಕೂಡಲೇ ಟ್ಯೂಬು ಹುಡುಕಲು ಓಡುತ್ತೀರಲ್ಲ, ಮೊದಲು ಆ ಚಾಳಿ ಬಿಡಿ. ಪಕ್ಕದ ಮನೆಯವರಿಗೆ ವಾಸಿಯಾಯಿತಂತೆ ಎಂದು ಅವರ ಮುಲಾಮು ಈಸಿಕೊಂಡು ಬಳಿಯುವುದು, ಮೂರು ದಿನಕ್ಕೆ ತುರಿಕೆ ನಿಂತಿತೆಂದು ಸುಮ್ಮನಾಗುವುದು, ಅದು ಅಂಗೈಯಗಲ ಹರಡಿದ ಮೇಲೆ ಬಾಯಿ ಬಿಡುವುದು. ಅಂಥ ಟ್ಯೂಬುಗಳಲ್ಲಿ ಬಹಳಷ್ಟಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಮೇಲಿನ ಉರಿ, ಕೆಂಪು ಅಡಗುತ್ತದೆ, ಗಜಕರ್ಣವಾಗಿದ್ದರೆ ಅದರ ಶಿಲೀಂಧ್ರ ಒಳಗೊಳಗೇ ಬೆಳೆಯುತ್ತದೆ. ಆಮೇಲೆ ಡಾಕ್ಟರಿಗೂ ಗುರುತು ಹತ್ತುವುದು ಕಷ್ಟ.

ಟ್ಯೂಬ್‌ಲೈಟಿನ ಕೆಳಗೆ ಎಲ್ಲಾ ಒಂದೇ ತರ ಕಾಣುತ್ತದೆ, ಹಗಲು ಕಿಟಕಿ ಪಕ್ಕ ಕೂತು ನೋಡಿ. ಆಷಾಢದಲ್ಲಿ ನಮ್ಮ ಕಡೆ ಮಧ್ಯಾಹ್ನವೂ ಮಬ್ಬು, ಆಗ ಟಾರ್ಚನ್ನು ತೋಳಿನ ಪಕ್ಕ ಅಡ್ಡ ಹಿಡಿಯಿರಿ, ಉಬ್ಬಿದ್ದರೆ ನೆರಳು ಬೀಳುತ್ತದೆ. ಕಪ್ಪು ಮೈಯಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ, ಅಡಿಕೆ ಸುಲಿದು ಚೊಗರು ಹತ್ತಿದ ಕೈಯಲ್ಲಂತೂ ಕೇಳುವುದೇ ಬೇಡ. ಬೆರಳಿನ ಬೆನ್ನಿಂದ ಸವರಿ: ಬಿಸಿ ಇದೆಯೋ, ಒರಟಿದೆಯೋ, ಹೊಟ್ಟು ಉದುರುತ್ತದೋ.

ಇನ್ನು ಬಾಲ್‌ಪೆನ್ ತನ್ನಿ. ನಗಬೇಡಿ, ನೂರು ಫೋಟೋಗಿಂತ ಇದು ಮೇಲು. ಸ್ಕೆಚ್‌ಪೆನ್ ಬೇಡ, ಒಂದು ಸ್ನಾನಕ್ಕೆ ಹೋಗುತ್ತದೆ. ಎದ್ದ ಜಾಗದ ಅಂಚಿನ ಮೇಲೆ ಗೀಚಬಾರದು, ಅಂಚಿನಿಂದ ಒಂದು ಕೂದಲೆಳೆ ಆಚೆಗೆ ಸುತ್ತು ಹಾಕಬೇಕು. ಒಂದೇ ಸಾಲದು, ಮೂರು ಕಡೆ ಹಾಕಿ, ಪಕ್ಕದಲ್ಲೇ ಗಂಟೆ ಬರೆಯಿರಿ. ಎಣ್ಣೆ ಹಚ್ಚಿದ್ದರೆ ಶಾಯಿ ಹತ್ತುವುದಿಲ್ಲ, ಮೊದಲು ಒರೆಸಿಕೊಳ್ಳಿ. ಬಚ್ಚಲಲ್ಲಿ ಆ ಜಾಗ ಉಜ್ಜಬೇಡಿ. ಮಾರನೇ ದಿನ ಅದೇ ಹೊತ್ತಿಗೆ, ಅದೇ ಕಿಟಕಿಯಲ್ಲಿ ನೋಡಿ. ಸುತ್ತು ಖಾಲಿ, ಗುರುತೂ ಇಲ್ಲ, ಇನ್ನೆಲ್ಲೋ ಹೊಸದು ಎದ್ದಿದೆ ಎಂದರೆ ಅದು ಪಿತ್ತದ ಗಂಧೆ. ಗಂಧೆ ಒಂದೇ ಜಾಗದಲ್ಲಿ ಸಾಮಾನ್ಯವಾಗಿ 24 ಗಂಟೆ ನಿಲ್ಲುವುದಿಲ್ಲ. ಅಲ್ಲೇ ಕೂತಿದ್ದರೆ ಬೇರೇನೋ. ಅಲ್ಲೇ ಕೂತು ತುರಿಕೆಗಿಂತ ನೋವೇ ಹೆಚ್ಚಿದ್ದು, ಹೋಗುವಾಗ ಪೆಟ್ಟು ಬಿದ್ದಂತೆ ಕಲೆ ಬಿಟ್ಟರೆ ತಡಮಾಡದೆ ತೋರಿಸಿ.

ಗಂಧೆಗೆ ಕಂಬಳಿಯಲ್ಲಿ ಉಜ್ಜುವುದನ್ನು ಇನ್ನೂ ನಿಲ್ಲಿಸಿಲ್ಲ! ಉಜ್ಜಿದಷ್ಟೂ, ಬಿಸಿಯಾದಷ್ಟೂ ಅದು ಏಳುತ್ತದೆ. ತಣ್ಣೀರು ಬಟ್ಟೆ ಹಾಕಿ. ಮುರುಗಲು ಪಾನಕ ಕುಡಿಯುವುದಾದರೆ ಕುಡಿಯಿರಿ, ಬೇಡ ಎನ್ನುವುದಿಲ್ಲ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರ ಪಾನಕ ಕದಡುತ್ತಾ ಕೂರಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.

ವಾರದಲ್ಲಿ ಪೆನ್ನಿನ ಗೆರೆ ದಾಟಿ ಬಳೆಯಂತೆ ಹರಡಿ, ಅಂಚು ದಪ್ಪ, ನಡುವೆ ತಿಳಿಯಾಗಿದ್ದರೆ ಹೆಚ್ಚಿನ ಪಾಲು ಗಜಕರ್ಣ. ಶಿಲೀಂಧ್ರ ಕೊಲ್ಲುವ ಮುಲಾಮನ್ನು ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಬೇಕು, ಕಲೆ ಮಾಯವಾದರೂ ಡಾಕ್ಟರು ಹೇಳಿದಷ್ಟು ದಿನ ಬಿಡಬಾರದು. ಮಳೆಗಾಲದಲ್ಲಿ ಇದು ಬರದೆ ಏನು ಮಾಡೀತು? ಮೊದಲೆಲ್ಲಾ ಬಟ್ಟೆ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಗರಿಗರಿ ಒಣಗುತ್ತಿತ್ತು, ಹೊಗೆ ವಾಸನೆ ಇದ್ದರೂ ಸರಿ. ಈಗ ಮೆಷಿನ್ನಿಂದ ತೆಗೆದದ್ದನ್ನು ಅರೆ ಹಸಿಯಲ್ಲೇ ಮಡಚಿ ಬೀರುವಿಗೆ ತುರುಕುತ್ತಾರೆ. ಇಸ್ತ್ರಿ ಮಾಡುವಾಗ ಸೊಂಟಪಟ್ಟಿ, ಕಂಕುಳ ಹೊಲಿಗೆ ಬಿಡುವವರು ಇಸ್ತ್ರಿ ಮಾಡದಿದ್ದರೂ ಒಂದೇ.

ಬೆರಳ ಸಂದು, ಮಣಿಕಟ್ಟಿನಲ್ಲಿ ಸಣ್ಣ ಗುಳ್ಳೆ, ರಾತ್ರಿ ಹಾಸಿಗೆ ಬೆಚ್ಚಗಾದಂತೆ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಎಂದರೆ ಕಜ್ಜಿ. ಡಾಕ್ಟರು ಶೇಕಡಾ 5ರ ಪರ್ಮೆತ್ರಿನ್ ಮುಲಾಮು ಕೊಟ್ಟರೆ ಗುಳ್ಳೆ ಇದ್ದಲ್ಲಿಗೆ ಮಾತ್ರ ಚುಕ್ಕೆ ಇಡಬೇಡಿ. ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ, ಉಗುರಿನಡಿಗೂ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ಸ್ನಾನ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲಾ ಒಂದೇ ರಾತ್ರಿ ಹಚ್ಚಬೇಕು, ವಾರ ಬಿಟ್ಟು ಇನ್ನೊಮ್ಮೆ. ಹಸುಗೂಸು, ಬಸುರಿಯರಿದ್ದರೆ ಮೊದಲೇ ಹೇಳಿ.

ಕಟ್ಟಿಗೆ, ಸೊಪ್ಪು ತಂದ ಒಂದೆರಡು ದಿನಕ್ಕೆ ಗೆರೆ ಎಳೆದಂತೆ ಬೊಬ್ಬೆ ಎದ್ದರೆ ಹೊಳೆಗೇರು ಮರದ ಸೊನೆ ತಾಗಿರಬಹುದು. ಸೊನೆ ಬಿದ್ದ ಕೂಡಲೇ ಸೋಪು ಹಾಕಿ ತೊಳೆಯಬೇಕು, ಕತ್ತಿಯ ಹಿಡಿಯನ್ನೂ ಸಹ. ಇಲ್ಲವಾದರೆ ಮತ್ತೆ ಅದೇ ಕತ್ತಿ, ಮತ್ತೆ ಅದೇ ಬೊಬ್ಬೆ. ಮೊಣಕೈ ಮೇಲೆ ದಪ್ಪ ಹಪ್ಪಳೆ, ಬೆಳ್ಳಿಯಂಥ ಹೊಟ್ಟು ಇದ್ದರೆ ಸೋರಿಯಾಸಿಸ್ ಇರಬಹುದು. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಅಂಥವರ ಲೋಟ ಬೇರೆ ಇಡುವ ಮೂರ್ಖತನ ಬೇಡ.

ತುರಿಕೆಯೇ ಇಲ್ಲದ, ಬೆವರದ, ಬಿಳುಚಿದ ಅಥವಾ ಕೆಂಪಗಿನ ಕಲೆಯನ್ನು ತುರಿಸುವುದಿಲ್ಲವಲ್ಲ ಎಂದು ಬಿಡುತ್ತಾರೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕಲೆಯ ಮೇಲೂ ಪಕ್ಕದ ಮೈಮೇಲೂ ಮುಟ್ಟಿ, ಮುಟ್ಟಿದ ಜಾಗ ತೋರಿಸಲು ಹೇಳಿ. ಕಲೆಯ ಮೇಲೆ ಗೊತ್ತಾಗದಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಕುಷ್ಠವಾಗಿದ್ದರೆ ಔಷಧಿ ಅಲ್ಲಿ ಪುಕ್ಕಟೆ, 6 ತಿಂಗಳು ಇಲ್ಲವೇ 12 ತಿಂಗಳು. ಪೂರಾ ವಾಸಿಯಾಗುತ್ತದೆ, ತಡಮಾಡಿದರೆ ನರ ಹೋಗುತ್ತದೆ.

ತೋರಿಸಲು ಹೋಗುವ ದಿನ ಅರಿಶಿನ, ಎಣ್ಣೆ ಏನೂ ಬಳಿದುಕೊಳ್ಳಬೇಡಿ. ಪೆನ್ನಿನ ಸುತ್ತು ಹಾಗೇ ಇರಲಿ. ಅಷ್ಟರವರೆಗೆ ಕದ್ದುಮುಚ್ಚಿ ಹಚ್ಚಿದ ಟ್ಯೂಬುಗಳಿದ್ದರೆ ಅವನ್ನೂ ಚೀಲಕ್ಕೆ ಹಾಕಿಕೊಳ್ಳಿ.