ಡ್ರಾಪ್ ಮಂಗಳೂರಿಗೆ, ದರ್ಶನ ಕುಕ್ಕೆಯಲ್ಲಿ: ಬಾಡಿಗೆ ಕಾರು ಮಾತಾಡುವುದು ಹೇಗೆ?

ಬೆಂಗಳೂರಿನಿಂದ ಮಂಗಳೂರಿಗೆ ಮನೆಮಂದಿಯೆಲ್ಲ ಕಾರು ಮಾಡಿಕೊಂಡು ಹೊರಟರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: 'ಹೆಂಗೂ ಆ ಕಡೆ ಹೋಗ್ತಿದ್ದೀವಿ, ಕುಕ್ಕೆಗೂ ಹೋಗಿಬಿಡೋಣ.' ನಮ್ಮ ಮನೆಯಲ್ಲಿ ಹೇಳಿದ್ದು ಅಮ್ಮ. ನಾನು ಕಾರಿನ ಓನರಿಗೆ ಫೋನಿನಲ್ಲೇ 'ದಾರೀಲಿ ಕುಕ್ಕೆ ಇದೆ' ಅಂದೆ. 'ಆಯ್ತು ಸಾರ್' ಅಂದರು. ಆ ಮಾತು ಡ್ರೈವರ್ ಕಿವಿಗೆ ಬಿದ್ದೇ ಇರಲಿಲ್ಲ. ಗುಂಡ್ಯದಲ್ಲಿ 'ಎಡಕ್ಕೆ ತಗೊಳ್ಳಿ' ಎಂದಾಗ ಅವರು ಕಾರು ಬದಿಗೆ ಹಾಕಿ ಓನರಿಗೆ ಫೋನ್ ಹಚ್ಚಿದರು. ನೆಟ್‌ವರ್ಕ್ ಇಲ್ಲ. ಎಲ್ಲ ಇತ್ಯರ್ಥವಾಗಿ ಕುಕ್ಕೆ ಮುಟ್ಟುವಾಗ ಒಂದೂಮುಕ್ಕಾಲು. ಗುಡಿಯ ಬಾಗಿಲು ಹಾಕಿತ್ತು. ರಾತ್ರಿ ಮಂಗಳೂರಿನಲ್ಲಿ ಇಳಿದಾಗ ವೇಟಿಂಗ್ ಚಾರ್ಜ್ ಬೇರೆ!

ತಪ್ಪು ನನ್ನದೂ ಇತ್ತು ಬಿಡಿ. ಮುಂದಿನ ಸಲ ಸರಿ ಮಾಡಿಕೊಂಡೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ದಾರಿ ನೋಡಿ

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ. ಅಲ್ಲಿಂದ ಶಿರಾಡಿ ಘಾಟಿ ಇಳಿದರೆ ಗುಂಡ್ಯ. ಇದು ರಾಷ್ಟ್ರೀಯ ಹೆದ್ದಾರಿ 75. ನೇರ ಹೋದರೆ ಮಂಗಳೂರಿಗೆ ಸುಮಾರು 350 ಕಿಲೋಮೀಟರ್.

ಕುಕ್ಕೆಗೆ ಗುಂಡ್ಯದಲ್ಲಿ ಎಡಕ್ಕೆ ತಿರುಗಬೇಕು. ಅಲ್ಲಿಂದ 20 ಕಿಲೋಮೀಟರ್ ಆಸುಪಾಸು. ದರ್ಶನ ಮುಗಿಸಿ ಮತ್ತೆ ಗುಂಡ್ಯಕ್ಕೆ ಬರಬೇಕಿಲ್ಲ. ಕಡಬದ ಮೇಲೆ ಉಪ್ಪಿನಂಗಡಿಗೆ ಬಂದು ಹೆದ್ದಾರಿ ಸೇರಬಹುದು. ಹಾಗಾಗಿ ಸುತ್ತು ಅಂತ ಜಾಸ್ತಿಯಾಗುವುದು ಬರೀ ಮೂವತ್ತು–ನಲವತ್ತು ಕಿಲೋಮೀಟರ್. ಆದರೆ ಸ್ನಾನ, ಕ್ಯೂ, ಊಟ ಎಲ್ಲ ಸೇರಿ ಮೂರು–ನಾಲ್ಕು ಗಂಟೆ ಹೋಗುತ್ತದೆ. ಕಾರಿನವರೊಂದಿಗೆ ನೀವು ಮಾತಾಡಬೇಕಾದದ್ದು ಈ ಗಂಟೆಗಳ ಬಗ್ಗೆ. ಕಿಲೋಮೀಟರಿನ ಜಗಳ ಯಾವಾಗಲೂ ಸಣ್ಣದು.

ಬಾಡಿಗೆ ಮಾತು

ಕಾರು ಕೊಡುವವರ ಲೆಕ್ಕ ಎರಡು ಥರ. ಒಂದು ಡ್ರಾಪ್, ಅಂದರೆ ಇಲ್ಲಿ ಹತ್ತಿಸಿ ಅಲ್ಲಿ ಇಳಿಸುವುದಕ್ಕೆ ಒಟ್ಟು ಇಷ್ಟು ಅಂತ. ಇನ್ನೊಂದು ಕಿಲೋಮೀಟರ್ ಲೆಕ್ಕ. ಇದರಲ್ಲಿ ಕಾರು ಮಂಗಳೂರಿನಿಂದ ಖಾಲಿ ವಾಪಸ್ ಬರುವುದೂ ನಿಮ್ಮ ತಲೆಗೇ. ಒಂದು ಕಡೆಗೆ 385 ಆದರೆ ನೀವು ಕೊಡುವುದು 770ಕ್ಕೆ. ಅದರ ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್. ದಿನಕ್ಕೆ ಮಿನಿಮಮ್ 250 ಅಥವಾ 300 ಕಿಲೋಮೀಟರ್ ಅನ್ನುವ ಷರತ್ತೂ ಇರುತ್ತದೆ. ಈ ಪ್ರಯಾಣದಲ್ಲಿ ಹೇಗೂ ಅದನ್ನು ದಾಟುತ್ತೀರಿ, ತಲೆ ಕೆಡಿಸಿಕೊಳ್ಳಬೇಡಿ.

ಒಂದೇ ಕಡೆ ಪ್ರಯಾಣವಾದರೆ ಡ್ರಾಪ್ ಅಗ್ಗ. ಆದರೆ ಡ್ರಾಪ್ ದರ ಎಲ್ಲೂ ನಿಲ್ಲಿಸದ ಗಾಡಿಯ ದರ. ಆದ್ದರಿಂದ ಫೋನಿನಲ್ಲಿ ಎಷ್ಟೇ ಮಾತಾಡಿದ್ದರೂ ಆಮೇಲೆ ಒಂದು ವಾಟ್ಸ್ಆ್ಯಪ್ ಮೆಸೇಜ್ ಹಾಕಿ. ನಾನು ಕಳಿಸಿದ್ದು ಇಷ್ಟು:

'ಬೆಂಗಳೂರಿಂದ ಮಂಗಳೂರು ಡ್ರಾಪ್. ಗುಂಡ್ಯದಿಂದ ಕುಕ್ಕೆ, ಅಲ್ಲಿ ನಾಲ್ಕು ಗಂಟೆ ನಿಲ್ಲುತ್ತೇವೆ. ಆಮೇಲೆ ಕಡಬ, ಉಪ್ಪಿನಂಗಡಿ ಮೇಲೆ ಮಂಗಳೂರು. ಟೋಲ್, ಪಾರ್ಕಿಂಗ್, ಬಾಟಾ, ವೇಟಿಂಗ್ ಎಲ್ಲ ಸೇರಿ ಎಷ್ಟು? ನಾಲ್ಕು ಗಂಟೆ ಮೀರಿದರೆ ಗಂಟೆಗೆ ಎಷ್ಟು?'

ಉತ್ತರ ಬಂದಮೇಲೆ ಅದನ್ನೇ ಡ್ರೈವರ್ ನಂಬರಿಗೂ ಕಳಿಸಿ. ಹಿಂದಿನ ರಾತ್ರಿ ಒಮ್ಮೆ ಫೋನ್ ಮಾಡಿ, 'ಅಣ್ಣಾ, ಕುಕ್ಕೆ ಮೇಲೆ ಹೋಗೋದು, ಗೊತ್ತಲ್ವಾ?' ಅಂತ ಕೇಳಿ.

ಗಾಡಿಗೆ ಹಳದಿ ಬೋರ್ಡ್ ಇರಲೇಬೇಕು. ಪರಿಚಯದವರ ವೈಟ್ ಬೋರ್ಡ್ ಕಾರು ಸಾವಿರ ರೂಪಾಯಿ ಕಮ್ಮಿಗೆ ಸಿಗಬಹುದು. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಐದು ಜನ, ಮೇಲೆ ಸೂಟ್‌ಕೇಸು ಇದ್ದರೆ ಡಿಜೈರ್ ಸಾಲದು, ಎರ್ಟಿಗಾ ಕೇಳಿ.

ಹೊರಡುವ ಹೊತ್ತು

ಇದನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಕುಕ್ಕೆ ಗುಡಿಯ ಬಾಗಿಲು ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹಾಕಿದರೆ ಮತ್ತೆ ತೆರೆಯುವುದು ಮೂರೂವರೆಗೆ. ವಿಶೇಷ ದಿನಗಳಲ್ಲಿ ಇದು ಹಿಂದೆಮುಂದೆ ಆಗುತ್ತದೆ, ಹಿಂದಿನ ದಿನ ವಿಚಾರಿಸಿಕೊಳ್ಳಿ. ಹನ್ನೊಂದಕ್ಕೆ ಅಲ್ಲಿರಬೇಕು ಅಂದುಕೊಳ್ಳಿ. ಬೆಂಗಳೂರಿನಿಂದ ಸುಮಾರು 280 ಕಿಲೋಮೀಟರ್, ತಿಂಡಿಯೂ ಸೇರಿ ಆರೂವರೆ ಗಂಟೆ. ಅಂದರೆ ನಾಲ್ಕೂವರೆಗೆ ಮನೆ ಬಿಡಬೇಕು. 'ಐದಕ್ಕೆ' ಅಂದರೆ ನಮ್ಮಲ್ಲಿ ಐದೂಮುಕ್ಕಾಲು. ಅದಕ್ಕೇ ಮನೆಯವರಿಗೆ ನಾಲ್ಕು ಎಂದೇ ಹೇಳಿ.

ತಿಂಡಿಗೆ ಯಡಿಯೂರು–ಬೆಳ್ಳೂರು ಕ್ರಾಸ್ ಆಸುಪಾಸು ನಿಲ್ಲಿಸಿ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೂ ಕೈ ಮುಗಿಯೋಣ ಅನ್ನುವ ಮಾತು ಏಳುತ್ತದೆ. ಬೇಡ. ಒಂದು ದಿನಕ್ಕೆ ಒಂದು ದೇವಸ್ಥಾನ. ಸಕಲೇಶಪುರ ದಾಟಿದ ಮೇಲೆ ತಿರುವುಗಳ ಸಾಲು. ವಾಂತಿ ಬರುವವರನ್ನು ಮುಂದೆ ಕೂರಿಸಿ, ಕೈಗೊಂದು ನಿಂಬೆಹಣ್ಣು ಕೊಡಿ.

ಮಳೆಗಾಲದಲ್ಲಿ ಶಿರಾಡಿಯನ್ನು ನಂಬುವ ಹಾಗಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಲು ಹತ್ತಿರ ಗುಡ್ಡ ಕುಸಿದು ದಾರಿ ಬಂದ್ ಆಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಹಿಂದಿನ ಸಂಜೆ ಸುದ್ದಿ ನೋಡಿಕೊಳ್ಳಬೇಕು. ಘಾಟಿ ಮುಚ್ಚಿದರೆ ಯಾವ ದಾರಿ, ಎಷ್ಟು ಹೆಚ್ಚು ಅನ್ನುವುದನ್ನೂ ಬಾಡಿಗೆ ಮಾತಾಡುವಾಗಲೇ ಕೇಳಿಟ್ಟಿರಿ.

ಕುಕ್ಕೆಯಲ್ಲಿ

ಊರು ಸಿಗುವ ಮೊದಲೇ ಕುಮಾರಧಾರೆಯ ಸ್ನಾನಘಟ್ಟ. ನದಿಯಲ್ಲಿ ಮುಳುಗುವ ಆಸೆ ಇದ್ದರೆ ಬದಲಿ ಬಟ್ಟೆ, ಟವೆಲ್ ಒಂದೇ ಚೀಲದಲ್ಲಿ ಡಿಕ್ಕಿಯ ಮೇಲ್ಗಡೆಗೇ ಇಟ್ಟಿರಿ. ನಾವು ಇಡಲಿಲ್ಲ. ದಾರಿಬದಿಯಲ್ಲಿ ನಾಲ್ಕು ಸೂಟ್‌ಕೇಸು ಕೆಳಗಿಳಿಸಿ ಅಪ್ಪನ ಪಂಚೆ ಹುಡುಕಿದ್ದಾಯಿತು. ಮಳೆಗಾಲದಲ್ಲಿ ಹೊಳೆ ತುಂಬಿ ಘಟ್ಟವೇ ಮುಳುಗುತ್ತದೆ, ಆಗ ನೀರು ತಲೆಗೆ ಪ್ರೋಕ್ಷಿಸಿಕೊಂಡು ಹೊರಡುವುದು ಒಳ್ಳೆಯದು.

ಗುಡಿಯ ಒಳಗೆ ಗಂಡಸರು ಶರಟು, ಬನಿಯನ್ ಎರಡೂ ತೆಗೆಯಬೇಕು. ದೇವರು ಪೂರ್ವಕ್ಕೆ ಮುಖ ಮಾಡಿದ್ದಾನೆ, ಭಕ್ತರು ಬರುವುದು ಹಿಂಬದಿಯಿಂದ. ಸುತ್ತಿ ಮುಂದೆ ಬಂದರೆ ಗರ್ಭಗುಡಿಯ ಎದುರು ಬೆಳ್ಳಿ ಹೊದಿಸಿದ ಗರುಡಗಂಬ. ಹುತ್ತದ ಮಣ್ಣು, ಅಂದರೆ ಮೂಲ ಮೃತ್ತಿಕೆ, ಇಲ್ಲಿಯ ಮುಖ್ಯ ಪ್ರಸಾದ. ಅಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ಮಂಗಳೂರಿನವರೆಗೂ ಬಿಚ್ಚಲಿಲ್ಲ.

ಒಂದು ಎಚ್ಚರ. ಸರ್ಪ ಸಂಸ್ಕಾರ ಎರಡು ದಿನದ ಸೇವೆ, ಮೊದಲೇ ಬುಕ್ ಮಾಡಬೇಕು. ಡ್ರಾಪ್ ಕಾರು ಹೊರಗೆ ನಿಲ್ಲಿಸಿಕೊಂಡು ಮಾಡಿಸುವಂಥದ್ದಲ್ಲ. ಆಶ್ಲೇಷಾ ಬಲಿಗೂ ಹೊತ್ತು ನಿಗದಿ ಇರುತ್ತದೆ. ಅದು ಬೇಕಿದ್ದರೆ ಹಿಂದಿನ ದಿನವೇ ಬಂದು ಉಳಿದುಕೊಳ್ಳಿ, ಮಂಗಳೂರಿಗೆ ಅಲ್ಲಿಂದಲೇ ಬೇರೆ ಕಾರು ಮಾಡಿ. ಷಷ್ಠಿ, ಆಶ್ಲೇಷಾ ನಕ್ಷತ್ರದ ದಿನ, ಮಾರ್ಗಶಿರದ ಚಂಪಾಷಷ್ಠಿ ಜಾತ್ರೆ, ಇವುಗಳಂದು ನಾಲ್ಕು ಗಂಟೆಯಲ್ಲಿ ಮುಗಿಸುತ್ತೇವೆ ಅನ್ನುವ ಭ್ರಮೆ ಬೇಡ. ಕ್ಯಾಲೆಂಡರ್ ನೋಡಿ ದಿನ ಬದಲಿಸಿ.

ಮಧ್ಯಾಹ್ನ ದೇವಸ್ಥಾನದಲ್ಲೇ ಅನ್ನಸಂತರ್ಪಣೆ ಇದೆ. ಡ್ರೈವರನ್ನೂ ಊಟಕ್ಕೆ ಕರೆಯಿರಿ. ಅವರು ಎದ್ದದ್ದು ನಿಮಗಿಂತ ಮುಂಚೆ. ಉಂಡಮೇಲೆ ಅವರಿಗೆ ಅರ್ಧ ಗಂಟೆ ಸೀಟು ಹಿಂದಕ್ಕೆ ಹಾಕಿ ಮಲಗಲು ಬಿಡಿ. ಆ ನಾಲ್ಕು ಗಂಟೆಯಲ್ಲಿ ಈ ಅರ್ಧ ಗಂಟೆಯನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದೆ.

ಅಲ್ಲಿಂದ ಮಂಗಳೂರು

ಉಳಿದಿರುವುದು ನೂರೈದು ಕಿಲೋಮೀಟರ್ ಸುಮಾರು. ಮೂರು ಗಂಟೆ ಇಟ್ಟುಕೊಳ್ಳಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ನೇತ್ರಾವತಿಗೆ ಸೇರುತ್ತದೆ. ಬೆಳಗ್ಗೆ ನೀವು ಮಿಂದ ನೀರೂ ನಿಮ್ಮ ಜೊತೆಗೇ ಮಂಗಳೂರಿಗೆ ಬರುತ್ತಿರುತ್ತದೆ.

ಇಳಿದ ಮೇಲೆ ಮೊದಲು ಡಿಕ್ಕಿ ಖಾಲಿ ಮಾಡಿ, ಸೀಟಿನ ಕೆಳಗೆ ಚಪ್ಪಲಿ, ಚಾರ್ಜರ್ ನೋಡಿ. ಕಿಲೋಮೀಟರ್ ಲೆಕ್ಕವಾಗಿದ್ದರೆ ಹತ್ತುವಾಗಲೂ ಇಳಿಯುವಾಗಲೂ ಮೀಟರಿನ ಫೋಟೊ ಇರಲಿ. ಎರಡನೇ ಸಲ ನಾವು ಕುಕ್ಕೆಯಲ್ಲಿ ನಿಂತದ್ದು ನಾಲ್ಕೂಕಾಲು ಗಂಟೆ. ಡ್ರೈವರ್ ಮೆಸೇಜು ತೆಗೆದು ನೋಡಿದರು, ನಕ್ಕರು, 'ಕಾಲು ಗಂಟೆ ಬಿಡಿ ಸಾರ್' ಅಂದರು.