ಮಳೆ ಹಿಡಿದ ಸಂಜೆಗೆ ಒಂದು ಪುಟ್ಟ ಗೇಮ್

ಜುಲೈ ತಿಂಗಳು, ತೀರ್ಥಹಳ್ಳಿ ಕಡೆ. ಬೆಳಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ, ತೋಟದ ಕಡೆ ಕಾಲಿಡುವ ಹಾಗಿಲ್ಲ, ನೆಟ್‌ವರ್ಕ್ ಬೇಕು ಅಂದರೆ ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಬೇಕು. ಇಂಥ ದಿನಕ್ಕೆ ಹೇಳಿ ಮಾಡಿಸಿದ ಗೇಮ್‌ಗಳಿವೆ. ಗುಂಡು ಹಾರಿಸೋದಿಲ್ಲ, ಸ್ಕೋರ್ ಇಲ್ಲ. ಸುಮ್ನೆ ತಿರುಗಾಡಿ, ಕಂಡದ್ದನ್ನು ನೋಡಿ, ಕಥೆ ಕೇಳೋದು.

ಮೊದಲು ತಯಾರಿ. ಶಿವಮೊಗ್ಗಕ್ಕೆ ಹೋದಾಗ ನೆಂಟರ ಮನೆಯ ವೈಫೈನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಿಂದ ಲ್ಯಾಪ್‌ಟಾಪಿಗೆ ಡೌನ್‌ಲೋಡ್ ಮಾಡಿ. ಅಲ್ಲೇ ಒಂದು ಸಲ ಗೇಮ್ ತೆರೆದು ನೋಡಿ, ಆಮೇಲೆ ಸ್ಟೀಮನ್ನು ನೆಟ್ ಇಲ್ಲದೆ ಓಡುವ ಆಫ್‌ಲೈನ್ ಮೋಡ್‌ಗೆ ಹಾಕಿ. ಮಾತೆಲ್ಲ ಇಂಗ್ಲಿಷಿನಲ್ಲಿರುತ್ತದೆ, ಮಳೆ ಸದ್ದಿನಲ್ಲಿ ಅರ್ಧ ಕೇಳಿಸೋದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ.

‘ಎ ಶಾರ್ಟ್ ಹೈಕ್’ (2019) ಇಂದ ಶುರು ಮಾಡಿ. ಹೆಚ್ಚೂಕಡಿಮೆ ಒಬ್ಬರೇ ಮಾಡಿದ ಗೇಮ್, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕ್ಲೇರ್ ಅನ್ನುವ ಹಕ್ಕಿಗೆ ಒಂದು ಮುಖ್ಯ ಫೋನ್ ಬರಬೇಕು, ಸಿಗ್ನಲ್ ಇರೋದು ಬೆಟ್ಟದ ತುದಿಯಲ್ಲಿ ಮಾತ್ರ. ನಮ್ಮದೇ ಕಥೆ, ಅಲ್ವಾ? ಬಂಗಾರದ ಗರಿ ಸಿಕ್ಕಷ್ಟೂ ಜಾಸ್ತಿ ಎತ್ತರ ಹತ್ತಬಹುದು. ಆದರೆ ನೇರ ತುದಿಗೆ ಓಡಬೇಡಿ. ದಾರಿ ತಪ್ಪಿ, ಮೀನು ಹಿಡಿಯಿರಿ, ಎದುರು ಸಿಕ್ಕವರನ್ನು ಮಾತಾಡಿಸಿ, ಅವರ ಸಣ್ಣಪುಟ್ಟ ಕೆಲಸ ಮಾಡಿಕೊಡಿ. ಇಷ್ಟೆಲ್ಲ ಮಾಡಿದರೂ ಒಂದೂವರೆ ಗಂಟೆ, ಎರಡು ಗಂಟೆ ಅಷ್ಟೇ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇದನ್ನು ಪೂರ್ತಿ ಆಡಿ ವಾಪಸ್ ಕೇಳಿದರೆ ಉಂಡೆದ್ದು ಎಲೆ ಸರಿಯಿಲ್ಲ ಅಂದ ಹಾಗೆ.

ಆಮೇಲೆ ‘ಗಾನ್ ಹೋಮ್’ (2013). 1995ರ ಜೂನ್, ಗುಡುಗು ಮಳೆಯ ರಾತ್ರಿ, ಪರದೇಶ ಸುತ್ತಿ ಬಂದ ಹುಡುಗಿ ಮನೆ ತಲುಪಿದರೆ ಒಳಗೆ ಯಾರೂ ಇಲ್ಲ. ಬಾಗಿಲಲ್ಲಿ ತಂಗಿಯ ಚೀಟಿ. ಕತ್ತಲೆ ಕೋಣೆಗೆ ಹೋಗಿ ಸ್ವಿಚ್ ಹುಡುಕಿ ದೀಪ ಹಾಕಬೇಕು, ಡ್ರಾಯರ್ ಎಳೆದು ಕಾಗದ ಓದಬೇಕು, ಎತ್ತಿಕೊಂಡ ವಸ್ತುವನ್ನು ತಿರುಗಿಸಿ ಹಿಂಬದಿ ನೋಡಬೇಕು. ಇದನ್ನು ಒಂದೇ ಸಲ ಕೂತು ಮುಗಿಸಿ. ನಾನು ಕರೆಂಟಿನ ಕಾಟದಲ್ಲಿ ಮೂರು ರಾತ್ರಿ ತುಂಡು ತುಂಡಾಗಿ ಆಡಿದೆ. ಮೂರನೇ ರಾತ್ರಿ ಯಾವ ಕಾಗದ ಯಾರು ಬರೆದದ್ದು ಅನ್ನೋದೇ ಮರೆತಿತ್ತು. ಬ್ಯಾಟರಿ ಪೂರ್ತಿ ತುಂಬಿಸಿಕೊಂಡೇ ಕೂರಿ.

‘ಫೈರ್‌ವಾಚ್’ (2016) ಸ್ವಲ್ಪ ದೊಡ್ಡದು, ನಾಲ್ಕು ಗಂಟೆ ಬೇಕು. ಅಮೆರಿಕದ ವಯೋಮಿಂಗ್ ಕಾಡು, 1989ರ ಬೇಸಿಗೆ, ಕಾಡ್ಗಿಚ್ಚು ಎದ್ದರೆ ತಿಳಿಸೋಕೆ ಕಾವಲು ಕೂತ ಹೆನ್ರಿಗೆ ವಾಕಿಟಾಕಿಯಲ್ಲಿ ಮೇಲಧಿಕಾರಿ ಡೆಲೈಲಾಳ ದನಿಯೊಂದೇ ಜೊತೆ. ಇಲ್ಲಿ ಉತ್ತರ ಕೊಡದೆ ಸುಮ್ಮನಿದ್ದರೆ ಅದೂ ಒಂದು ಉತ್ತರವೇ. ಒಂದೆರಡು ಸಲ ಹಾಗೆ ಮಾಡಿ ನೋಡಿ.

ಇನ್ನೊಂದು ಮಾತು: ಒಬ್ಬರೇ ಆಡಬೇಡಿ. ಮೌಸ್ ಒಬ್ಬರ ಕೈಲಿ, ಸಲಹೆ ಉಳಿದವರದ್ದು. ನಾನು ಕ್ಲೇರ್‌ಳನ್ನು ಬೆಟ್ಟ ಹತ್ತಿಸುವಾಗ ಅಮ್ಮ ಒಳಗೆ ಹಲಸಿನ ಹಪ್ಪಳ ಕರಿಯುತ್ತಿದ್ದರು. ಗೇಮು ಗೀಮು ಅಂದರೆ ಬೈಯುವವರು ತಟ್ಟೆ ತಂದಿಟ್ಟು ಅಲ್ಲೇ ನಿಂತರು. ಐದು ನಿಮಿಷ ಬಿಟ್ಟು ಕೇಳಿದರು, “ಆ ಹಕ್ಕಿಗೆ ಸಿಗ್ನಲ್ ಸಿಕ್ತೇನೋ?”