ತೊಗರಿ ಸೊಪ್ಪು, ಮೇ ತಿಂಗಳು, ಗಾಜಿನ ಕಾಲಂ: ನನ್ನ ಅನುಭವ

ಪ್ರಿಪ್ ಎಚ್‌ಪಿಎಲ್‌ಸಿ (ಒತ್ತಡದಲ್ಲಿ ದ್ರವ ಹರಿಸಿ ಪದಾರ್ಥ ಬೇರ್ಪಡಿಸುವ ದೊಡ್ಡ ಯಂತ್ರ) ಇಲ್ಲದೆ ತೊಗರಿ ಎಲೆಯಿಂದ ಕಜಾನಿನ್‌ಸ್ಟಿಲ್ಬೀನ್ ಆಸಿಡ್ ಅನ್ನೋ ಪದಾರ್ಥವನ್ನು ಶುದ್ಧವಾಗಿ ತೆಗೆಯೋದು ಆಗದ ಮಾತು ಅಂತ ನನಗೆ ಹೇಳದವರಿಲ್ಲ. ಅದೂ ಕಲಬುರಗಿಯಲ್ಲಿ, ಅದೂ ಬೇಸಿಗೆಯಲ್ಲಿ. ಈಗ ಶುದ್ಧತೆ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ 97 ಪರ್ಸೆಂಟ್ ಆಸುಪಾಸು ತೋರಿಸುವ ಪುಡಿ ಕೈಯಲ್ಲಿದೆ, ಬರೀ ಗಾಜಿನ ಕಾಲಂನಿಂದ (ಸಿಲಿಕಾ ಪುಡಿ ತುಂಬಿದ ಕೊಳವೆ) ತೆಗೆದದ್ದು. ಹಾಗಾಗಿ ನಾಲ್ಕು ಮಾತು ಬರೆಯುವ ಹಕ್ಕು ಬಂದಿದೆ ಅಂದುಕೊಂಡಿದ್ದೇನೆ. ಕಾಲಂ ಕಟ್ಟೋದು, ಟಿಎಲ್‌ಸಿ (ಸಿಲಿಕಾ ಬಳಿದ ಪ್ಲೇಟಿನ ಮೇಲೆ ಪದಾರ್ಥ ಬೇರ್ಪಡಿಸಿ ನೋಡೋದು) ಓದೋದು ಗೊತ್ತಿದ್ದವರಿಗೆ ಇದು. ಪಾಠ ಮಾಡಲು ಹೋಗುವುದಿಲ್ಲ.

ತೊಗರಿಯೇ ಯಾಕೆ? ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು. ಕಟ್ಟಿಗೆ ಒಲೆಗೆ ಹೋಗುತ್ತದೆ, ಹೊಟ್ಟು ದನಕ್ಕೆ. ಎಲೆ ಮಾತ್ರ ಹೊಲದಲ್ಲೇ ಉದುರಿ ಮಣ್ಣಾಗುತ್ತದೆ. ಚೀನಾದಲ್ಲಿ ಇದೇ ಎಲೆಯಿಂದ ಮಾಡಿದ ಔಷಧವನ್ನು ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಅದು ಸವೆಯುವ ರೋಗಕ್ಕೆ ಕೊಡುತ್ತಾರೆ. ಅದರೊಳಗಿನ ಮುಖ್ಯ ಸ್ಟಿಲ್ಬೀನ್‌ಗಳಲ್ಲಿ ಈ ಆಸಿಡ್ ಒಂದು, ಅಣುತೂಕ 338. ಹೋಲಿಸಿ ನೋಡುವ ಶುದ್ಧ ಮಾದರಿ, ಅಂದರೆ ಸ್ಟ್ಯಾಂಡರ್ಡ್, ಕೆಲವೇ ಮಿಲಿಗ್ರಾಂಗೆ ಕೇಳಿದ ಬೆಲೆ ನನ್ನ ತಿಂಗಳ ಸಂಬಳದ ಹತ್ತಿರ ಬಂತು. ಸೊಪ್ಪು ಮಾತ್ರ ಜೇವರ್ಗಿ ಕಡೆ ಪರಿಚಯದ ರೈತರ ಹೊಲದಲ್ಲಿ ಪುಕ್ಕಟೆ. "ಸರ್, ಕಾಯಿ ಬಿಟ್ಟು ಸೊಪ್ಪು ಒಯ್ಯಲತ್ತೀರಿ, ತಲಿ ನೆಟ್ಟಗ ಅದ ಇಲ್ರಿ?" ಅಂತ ನಕ್ಕರು. ಆಮೇಲೆ ತಾವೇ ಚೀಲ ತುಂಬಿ ಬಸ್ಸಿಗೆ ಹಾಕಿಸಿದರು.

ಎಲೆ ನೆರಳಲ್ಲೇ ಒಣಗಬೇಕು. ಪುಡಿ ಮಾಡಿ ಮೆಥನಾಲ್‌ನಲ್ಲಿ ನೆನೆಹಾಕಿ ಬತ್ತಿಸಿದರೆ ಕಪ್ಪುಹಸಿರು ಅಂಟು. ಅದನ್ನೇ ನೇರವಾಗಿ ಕಾಲಂಗೆ ಹಾಕಿದರೆ ಹರಿತ್ತು (ಎಲೆಯ ಹಸಿರು ಬಣ್ಣ) ಮೇಲಿನಿಂದ ಬುಡದವರೆಗೆ ಹರಡಿಕೊಂಡು ಯಾವ ಫ್ರ್ಯಾಕ್ಷನ್ (ಕೆಳಗೆ ಹಿಡಿದ ಪಾಲು) ನೋಡಿದರೂ ಹಸಿರು. ಶುರುವಿನಲ್ಲಿ ಕಟ್ಟಿದ ಕಾಲಂಗಳೆಲ್ಲ ಹೀಗೇ ದಂಡವಾದವು. 60–120 ಮೆಶ್ ಸಿಲಿಕಾ, ಕೆಜಿಗೆ ಐದಾರು ನೂರು ಅಂತ ಸಹಿಸಿಕೊಂಡೆ. ನುಣ್ಣನೆಯ, ದುಬಾರಿ 230–400 ಆಗಿದ್ದರೆ ಮನೆಯಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ದಾರಿ ಮಾಡಿಕೊಟ್ಟದ್ದು ಅಡುಗೆ ಸೋಡಾ. ನಮ್ಮ ಪದಾರ್ಥ ಆಸಿಡ್ ತಾನೆ? ಅಂಟನ್ನು ಈಥೈಲ್ ಅಸಿಟೇಟ್‌ನಲ್ಲಿ ಕರಗಿಸಿ ಸೋಡಾ ನೀರಿನಿಂದ ಎಳೆದರೆ ಅದು ಸೋಡಿಯಂ ಉಪ್ಪಾಗಿ ಕೆಳಗಿನ ಪದರಕ್ಕೆ ಇಳಿಯುತ್ತದೆ, ಹರಿತ್ತು ಮೇಲೇ ಉಳಿಯುತ್ತದೆ. ಹೇಳಲು ಇಷ್ಟೇ. ಫನಲ್‌ನಲ್ಲಿ ಮಾತ್ರ ಎರಡು ಪದರದ ನಡುವೆ ದಪ್ಪ ನೊರೆ ಕಟ್ಟಿಕೊಂಡು ಬೆಳಗಾದರೂ ಕರಗಲಿಲ್ಲ. ಗಟ್ಟಿ ಉಪ್ಪುನೀರು ಸೇರಿಸಿ, ಕುಲುಕೋದು ಬಿಟ್ಟು ಫನಲ್ಲನ್ನು ಮೆಲ್ಲಗೆ ಮಗುಚಿ ಮಗುಚಿ ಇಟ್ಟಾಗ ಪದರ ಬೇರೆಯಾದವು. ಕೆಳಗಿನ ಕಂದು ನೀರಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿದರೆ ಬುಸುಗುಟ್ಟಿ, ಆಮೇಲೆ ಒಮ್ಮೆಲೇ ಹಾಲಿನಂತೆ ಕದಡುತ್ತದೆ. ಪಿಎಚ್ ಎಷ್ಟಕ್ಕೆ ಬಂದಾಗ ಕೈ ತಡೆಯುತ್ತೇನೆ, ಅದಕ್ಕೂ ಮುಂಚೆ ಆ ನೀರನ್ನು ಯಾವುದರಿಂದ ಒಮ್ಮೆ ತೊಳೆಯುತ್ತೇನೆ ಅನ್ನೋದು ಸದ್ಯ ನನ್ನಲ್ಲೇ ಇರಲಿ. ಪೇಪರ್ ಇನ್ನೂ ಕಳಿಸಿಲ್ಲ.

ಇನ್ನು ಬಿಸಿಲು. ಲ್ಯಾಬ್ ನನ್ನ ಪಾಲಿಗೆ ಸಿಗೋದು ರಜೆಯಲ್ಲಿ, ರಜೆ ಅಂದರೆ ಮೇ. ಮಧ್ಯಾಹ್ನ ಒಳಗೇ 42 ಡಿಗ್ರಿ. ಈಥರ್ ಕುದಿಯೋದು 35ಕ್ಕೆ, ಡೈಕ್ಲೋರೋಮೀಥೇನ್ 40ಕ್ಕೆ. ನಾವೆಲ್ಲ ಕೊಳ್ಳುವ 40–60 (ಅಷ್ಟು ಡಿಗ್ರಿಯಲ್ಲಿ ಕುದಿಯುವ) ಪೆಟ್ರೋಲಿಯಂ ಈಥರ್ ಕಾಲಂ ಒಳಗೇ ಗುಳ್ಳೆ ಏಳುತ್ತದೆ. ಸಿಲಿಕಾ ನಡುವೆ ಬಿರುಕು ಬಿಡುತ್ತದೆ, ನೇರವಾಗಿ ಇಳಿಯುತ್ತಿದ್ದ ಬ್ಯಾಂಡ್ (ಪದಾರ್ಥದ ಪಟ್ಟಿ) ಬಿರುಕಿನಲ್ಲಿ ನುಗ್ಗಿ ಕೆಟ್ಟುಹೋಗುತ್ತದೆ. ಪುಸ್ತಕದಲ್ಲಿ ಬರೆದವರು ಬಹುಶಃ ತಣ್ಣನೆಯ ಊರಿನವರು. ನಾನು 60–80 ಕಟ್‌ಗೆ ಬದಲಾಯಿಸಿ, ಈಥೈಲ್ ಅಸಿಟೇಟ್ ಜೊತೆ ಒಂಚೂರು ಅಸಿಟಿಕ್ ಆಸಿಡ್ ಬೆರೆಸಿದೆ (ಬ್ಯಾಂಡ್ ಬಾಲ ಬಿಡೋದು ನಿಂತಿತು), ಕಾಲಂ ಓಡಿಸೋದನ್ನು ರಾತ್ರಿಗೆ ತಳ್ಳಿದೆ. ಸಾಲ್ವೆಂಟ್ ಬಟ್ಟಿ ಇಳಿಸಿ ಮತ್ತೆ ಬಳಸಿದ್ದರಿಂದ ಅರ್ಧ ಖರ್ಚು ಉಳಿಯಿತು.

ಸಾಲ್ವೆಂಟ್ ಬತ್ತಿಸುವ ರೋಟಾವೇಪರ್ ಇನ್ನೊಂದು ಗೋಳು. ಟ್ಯಾಂಕಿನ ನೀರು ಕೈಗೆ ಬಿಸಿ ತಾಗುತ್ತದೆ, ಅದನ್ನು ಕಂಡೆನ್ಸರ್‌ಗೆ ಬಿಟ್ಟರೆ ಸಾಲ್ವೆಂಟ್ ಎಲ್ಲ ವ್ಯಾಕ್ಯೂಮ್ ಪಂಪಿಗೆ. ಚಿಲ್ಲರ್‌ಗೆ ಕೇಳಿದರೆ ಲಕ್ಷದ ಮೇಲೆ. ಸೂಪರ್ ಮಾರ್ಕೆಟ್ ಹತ್ತಿರ ಕೂಲರ್ ಪಂಪ್ ಕೊಂಡೆ, ಮುನ್ನೂರು ರೂಪಾಯಿ ಇರಬೇಕು. ಥರ್ಮಕೋಲ್ ಡಬ್ಬಿಯಲ್ಲಿ ಐಸ್ ಗಡ್ಡೆ, ಅದರಲ್ಲಿ ಪಂಪ್. ಇವತ್ತಿಗೂ ಅದೇ ನಡೆಯುತ್ತಿದೆ. ಪಂಪ್ ಸರಿ, ಆದರೆ ಕೂಲರನ್ನೇ ಲ್ಯಾಬಿಗೆ ತರಬೇಡಿ. ಕಿಡಿಯ ಭಯ ಒಂದು ಕಡೆ. ಅದರ ತೇವದ ಗಾಳಿಗೆ ಟಿಎಲ್‌ಸಿ ಪ್ಲೇಟ್ ನೀರು ಕುಡಿದು ಸ್ಪಾಟ್ ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ಕೂರುತ್ತದೆ. ಪ್ಲೇಟನ್ನು 110 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟು ಬಳಸಿ.

ರಾತ್ರಿ ಕೆಲಸದ ಲಾಭವೂ ಉಂಟು. ದೀಪ ಆರಿಸಿ 365 ನ್ಯಾನೋಮೀಟರ್ ಯುವಿ ಲ್ಯಾಂಪ್ ಹಿಡಿದರೆ ಉಳಿದುಬಂದ ಹರಿತ್ತು ಕೆಂಡದ ಕೆಂಪು, ಅದರಿಂದ ಬೆರಳಷ್ಟು ದೂರದಲ್ಲಿ ನೀಲಿ ಪಟ್ಟಿ. ಆ ನೀಲಿಯೇ ನಮ್ಮದು. ನಲ್ಲಿಯ ಹತ್ತಿರ ನೀಲಿ ಬಂದಾಗ ಟ್ಯೂಬ್ ಬದಲಿಸಿದರಾಯಿತು, ಫ್ರ್ಯಾಕ್ಷನ್ ಎಣಿಸುವ ಗೋಜೇ ಇಲ್ಲ. ಒಂದು ಕೆಜಿ ಒಣ ಎಲೆಗೆ ಅರ್ಧ ಗ್ರಾಂ ಹತ್ತಿರ ಸಿಗುತ್ತದೆ.

ಎಚ್‌ಪಿಎಲ್‌ಸಿಗೆ ಹಾಕಿದರೆ ದೊಡ್ಡ ಪೀಕ್ (ಗ್ರಾಫಿನಲ್ಲಿ ಪದಾರ್ಥ ತೋರಿಸುವ ಮೊನೆ) ಪಕ್ಕ ಒಂದು ಮರಿ ಪೀಕ್. "ಹೇಳಿದ್ದೆವಲ್ಲ, ಗಾಜಿನ ಕಾಲಂ ಇಷ್ಟೇ" ಅಂದರು, ಆಗದ ಮಾತು ಅಂದಿದ್ದವರು. ಯಂತ್ರದೊಳಗಿನ ಸಿ18 ಕಾಲಂನ ಓವನ್ 40ಕ್ಕೆ ಇಟ್ಟಿದ್ದೆ. ಕೋಣೆಯೇ 41 ಇದ್ದರೆ ಬಿಸಿ ಮಾಡಲಷ್ಟೇ ಬರುವ ಓವನ್ ಏನು ಮಾಡೀತು? 45ಕ್ಕೆ ಏರಿಸಿದೆ, ರಿಟೆನ್ಷನ್ ಟೈಮ್ (ಪೀಕ್ ಹೊರಬರುವ ಹೊತ್ತು) ಅಲುಗೋದು ನಿಂತಿತು, ಮರಿ ಪೀಕ್ ಹೋಗಲಿಲ್ಲ. ಎಲ್‌ಸಿ‌ಎಂಎಸ್‌ಗೆ (ಪ್ರತಿ ಪೀಕಿನ ಅಣುತೂಕ ಹೇಳುವ ಪರೀಕ್ಷೆ) ಹೈದರಾಬಾದಿಗೆ ಕಳಿಸಿದರೆ ಎರಡೂ ಪೀಕಿಗೆ ಒಂದೇ ತೂಕ. ರೆಸ್ವೆರಟ್ರಾಲ್ (ದ್ರಾಕ್ಷಿಯಲ್ಲಿರುವ ಸ್ಟಿಲ್ಬೀನ್) ಮಾಡಿದವರಿಗೆ ಇಷ್ಟರಲ್ಲೇ ಹೊಳೆದಿರುತ್ತದೆ. ಸ್ಟಿಲ್ಬೀನ್ ಬೆಳಕಿಗೆ ಟ್ರಾನ್ಸ್‌ನಿಂದ ಸಿಸ್‌ಗೆ ತಿರುಗುತ್ತದೆ; ಒಂದೇ ಅಣುವಿನ ಎರಡು ಆಕಾರ, ತೂಕ ಅಳೆಯುವ ಮಾಸ್ ಸ್ಪೆಕ್‌ಗೆ ಇಬ್ಬರೂ ಒಂದೇ. ಸಾಬೀತು ಮಾಡಲು ಬೇರೆ ಮಷಿನ್ ಬೇಕಾಗಲಿಲ್ಲ: ಒಂದು ವಯಲ್ ಫಾಯಿಲ್ ಸುತ್ತಿ, ಇನ್ನೊಂದು ಹಾಗೇ, ಎರಡನ್ನೂ ಮಾಳಿಗೆ ಬಿಸಿಲಿಗಿಟ್ಟೆ. ಅರ್ಧ ಗಂಟೆಗೆ ಬರಿಯ ವಯಲ್‌ನಲ್ಲಿ ಮರಿ ಪೀಕ್ ಬೆಳೆದು ನಿಂತಿತ್ತು, ಫಾಯಿಲ್‌ನದು ಇದ್ದಷ್ಟೇ ಇತ್ತು. ಅಂದಿನಿಂದ ಕಾಲಂಗೂ ಫಾಯಿಲ್, ಫ್ಲಾಸ್ಕಿಗೂ ಫಾಯಿಲ್. ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸುವ ಪರೀಕ್ಷೆ) ವಿನೈಲ್ ಪ್ರೋಟಾನ್‌ಗಳು ಟ್ರಾನ್ಸ್‌ನ ಗುರುತಾದ 16 ಹರ್ಟ್ಸ್ ಹತ್ತಿರ ಸೀಳಿದ್ದು ನೋಡಿದ ಮೇಲೆ ಟ್ರಾನ್ಸ್ ಬಗ್ಗೆ ಮಾತು ಮುಗಿಯಿತು.

ಮಾಸ್ ಬಗ್ಗೆ ಒಂದೆರಡು. ಪಾಸಿಟಿವ್ ಮೋಡ್‌ನಲ್ಲಿ (ಅಣುವಿಗೆ ಧನ ವಿದ್ಯುದಂಶ ಬಂದಾಗ) 339ರ ಪೀಕ್ ಸಣ್ಣದು, ಸೋಡಿಯಂ ಅಂಟಿದ 361 ದೊಡ್ಡದು. ನೆಗೆಟಿವ್‌ಗೆ ಹಾಕಿಸಿ, 337 ಸ್ವಚ್ಛವಾಗಿ ಬರುತ್ತದೆ, ಒಡೆದರೆ ಕಾರ್ಬನ್ ಡೈಆಕ್ಸೈಡ್ ಕಳಚಿ 293. ಸ್ಯಾಂಪಲ್‌ಗೆ ಸಾವಿರದೈನೂರರಿಂದ ಎರಡು ಸಾವಿರ ತೆಗೆದುಕೊಂಡರು ಅಂತ ನೆನಪು. ಗೆಳೆಯರೊಬ್ಬರ ರಿಪೋರ್ಟ್‌ನಲ್ಲಿ 391 ಎತ್ತರಕ್ಕೆ ನಿಂತು, ಹೊಸ ಅಣು ಸಿಕ್ಕಿತು ಅಂತ ಅವರ ಲ್ಯಾಬಿನಲ್ಲಿ ಪೇಡೆ ಹಂಚಿದ್ದರು. ನೋಡಿದ ಕೂಡಲೇ "ಯಾವುದರಾಗ ಕಳಿಸೀದ್ರಿ?" ಅಂದೆ. ಪ್ಲಾಸ್ಟಿಕ್ ಟ್ಯೂಬ್. ಆ 391 ಪ್ಲಾಸ್ಟಿಕ್ ಮೆತ್ತಗೆ ಮಾಡುವ ಥಾಲೇಟ್.

ಮಧ್ಯೆ ಔಷಧದ ಆಸೆಯೂ ಹತ್ತಿತು. ಮೈಕ್ರೋಬಯಾಲಜಿಯ ಗೆಳತಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಹಾಕಿಕೊಟ್ಟರು. ಸ್ಟೆಫಿಲೊಕಾಕಸ್ ಮೇಲೆ ಒಳ್ಳೆಯ ವಲಯ (ಬ್ಯಾಕ್ಟೀರಿಯಾ ಬೆಳೆಯದ ಸುತ್ತು), ಇ. ಕೋಲಿ ಮೇಲೆ ಏನೂ ಇಲ್ಲ. ಸೀರಂ ಬೆರೆಸಿ ನೋಡಿದರೆ ಸ್ಟೆಫಿಲೊಕಾಕಸ್ ವಲಯವೂ ಕುಗ್ಗಿತು. ಎಣ್ಣೆಪ್ರಿಯ ಆಸಿಡ್, ರಕ್ತದ ಸೀರಂನಲ್ಲಿರುವ ಆಲ್ಬುಮಿನ್ ಪ್ರೋಟೀನ್ ಅದನ್ನು ಹಿಡಿದುಕೊಂಡಿರಬೇಕು. ಪ್ಲೇಟಿನ ಫೋಟೋ ಹಾಕಿ ಹೊಸ ಆ್ಯಂಟಿಬಯಾಟಿಕ್ ಅನ್ನುವವರು ಸೀರಂ ಸೇರಿಸಿ ಇನ್ನೊಂದು ಫೋಟೋ ತೆಗೆಯಲಿ. ಆ ಆಸಿಡ್ ಗುಂಪನ್ನು ಎಸ್ಟರ್ ಮಾಡಿ ನೋಡುವ ಕೆಲಸ ಶುರುವಾಗಿದೆ, ಅದರ ಲೆಕ್ಕ ಬೇರೆ.

ಬೀದರ್, ಯಾದಗಿರಿಯ ಕಾಲೇಜುಗಳಿಂದ ಈಗ ಸ್ಟ್ಯಾಂಡರ್ಡ್ ಆಗಿ ಒಂಚೂರು ಕೊಡ್ರಿ ಅಂತ ಕೇಳುತ್ತಿದ್ದಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕಂದು ಗಾಜಿನ ಸೀಸೆ ತರಬೇಕು. ಪ್ಲಾಸ್ಟಿಕ್ ತಂದವರಿಗೆ ಚಹಾ ಕುಡಿಸಿ ವಾಪಸ್ ಕಳಿಸುತ್ತೇನೆ.